30 ಜಿಬಿ ಉಳಿಸಲು ಎಷ್ಟು, ಮರಳಿ ಪಡೆಯಲು ಎಷ್ಟು?

ಮೊಬೈಲ್ ಬ್ಯಾಕಪ್‌ನ ಖರ್ಚು ಲೆಕ್ಕ ಹಾಕುವವರು ಬಹುಮಟ್ಟಿಗೆ ಅರ್ಧದಲ್ಲೇ ನಿಲ್ಲಿಸುತ್ತಾರೆ. ಫೋನಿನಲ್ಲಿರುವುದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು ಬ್ಯಾಕಪ್. ಆ ಪ್ರತಿಯನ್ನು ಹೊಸ ಫೋನಿಗೆ ತುಂಬುವುದು ರಿಸ್ಟೋರ್. ಡೇಟಾ ರೀಚಾರ್ಜ್ ಮೇಲೆ ನಡೆಯುವ ಮನೆಗೆ ಈ ಎರಡನೆಯದೂ ಮೊದಲನೆಯದರಷ್ಟೇ ಬೀಳುತ್ತದೆ. ವಿಜಯಪುರ–ಸೋಲಾಪುರ ಹೆದ್ದಾರಿಯ ಮೇಲಿನ ಹೊರ್ತಿಯ ಒಂದು ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ: 64 ಜಿಬಿಯ ಒಂದು ಆ್ಯಂಡ್ರಾಯ್ಡ್ ಫೋನ್, ಅದರಲ್ಲಿ ಮನೆಯವರದೇ ಆದ 30 ಜಿಬಿ ಸಾಮಗ್ರಿ, ಪ್ರಿಪೇಯ್ಡ್ ಸಿಮ್. ಬ್ರಾಡ್‌ಬ್ಯಾಂಡ್ ಇಲ್ಲ.

ಈ 30 ಜಿಬಿಯಲ್ಲಿ ಜಾಗ ತಿನ್ನುವುದು ವಿಡಿಯೊ. ಸೆಕೆಂಡಿಗೆ 17 ಮೆಗಾಬಿಟ್‌ನಂತೆ ಚಿತ್ರೀಕರಿಸಿದ ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ 127.5 ಎಂಬಿ ಆಗುತ್ತದೆ. ಜಾತ್ರೆ, ಲಗ್ನ, ಶಾಲೆಯ ಕಾರ್ಯಕ್ರಮ ಸೇರಿ 157 ನಿಮಿಷ ತೆಗೆದರೆ 20 ಜಿಬಿ ಮುಗಿಯಿತು. ಅದೇ 1,000 ಜನರ ಹೆಸರು ಮತ್ತು ನಂಬರು, ಒಂದಕ್ಕೆ 200 ಬೈಟ್ ಹಿಡಿದರೂ, 0.2 ಎಂಬಿ. 3 ಎಂಬಿಯ ಒಂದು ಫೋಟೊದ ಜಾಗದಲ್ಲಿ ಇಂಥ 15 ಪಟ್ಟಿಗಳು ಕೂರುತ್ತವೆ. ನಿಂಬೆ ಮಾರಿದ ಪಟ್ಟಿ, ಕಾಟಾ ಚೀಟಿ, ಪಹಣಿ, ಪಾಸ್‌ಬುಕ್ ಇವುಗಳ 500 ಫೋಟೊ ಇದ್ದರೆ 1.5 ಜಿಬಿ, ಒಟ್ಟಿನ ಶೇ 5. ಕಳೆದರೆ ಹಣಕಾಸಿಗೇ ಪೆಟ್ಟು ಕೊಡುವ ಭಾಗ ಇಷ್ಟೇ. ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೀಡಿದ ದಾಖಲೆಗಳಿಗೆ ಫೋನಿನ ಬ್ಯಾಕಪ್ ಬೇಕಿಲ್ಲ. ಹೊಸ ಫೋನಿನಲ್ಲಿ ಲಾಗಿನ್ ಆದರೆ ಸಿಗುತ್ತವೆ.

ಗೂಗಲ್ ಖಾತೆಯೊಂದಕ್ಕೆ ಉಚಿತ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಇದನ್ನೇ ಹಂಚಿಕೊಳ್ಳುತ್ತವೆ. 2021ರ ಜೂನ್ 1ರವರೆಗೆ ಗಾತ್ರ ತಗ್ಗಿಸಿದ ಫೋಟೊಗಳಿಗೆ ಲೆಕ್ಕವೇ ಇರಲಿಲ್ಲ, ಈಗ ಇದೆ. ಆ್ಯಂಡ್ರಾಯ್ಡ್‌ನ ವಾಟ್ಸ್‌ಆ್ಯಪ್ ಬ್ಯಾಕಪ್‌ ಕೂಡ 2024ರಿಂದ ಇದೇ 15ರೊಳಗೆ ಬಂತು. ಮೇಲಿನ 1.5 ಜಿಬಿ ಕಾಗದಪತ್ರ ಈ ಜಾಗದ ಶೇ 10ನ್ನು ಮಾತ್ರ ಬಳಸುತ್ತದೆ. ಆದರೆ ಒಟ್ಟು 30 ಜಿಬಿ ಆ 15ರ ಎರಡು ಪಟ್ಟು. ಐಫೋನ್‌ನವರಿಗೆ ಉಚಿತ ಜಾಗ 5 ಜಿಬಿ.

ಉಚಿತ ಜಾಗ ಸಾಲದವರು ಕೊಳ್ಳುವ ಗೂಗಲ್ ಒನ್‌ನ 100 ಜಿಬಿ ಯೋಜನೆಗೆ ತಿಂಗಳಿಗೆ 130 ರೂ., ವರ್ಷಕ್ಕೆ ಒಮ್ಮೆಲೇ ಕಟ್ಟಿದರೆ 1,300 ರೂ. ಮೂರು ವರ್ಷಕ್ಕೆ 3,900 ರೂ. ಇದನ್ನು ಕೂಲಿಯಲ್ಲಿ ಅಳೆಯೋಣ: ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2024–25ರಲ್ಲಿ 349 ರೂ. ಇತ್ತು, 2025–26ರಲ್ಲಿ 370 ರೂ. ಆಯಿತು, ಶೇ 6 ಏರಿಕೆ. 370ರ ದರದಲ್ಲೂ 3,900 ರೂ. ಎಂದರೆ ಹತ್ತೂವರೆ ದಿನದ ಕೂಲಿ. ಈ ಜಾಗವನ್ನು ಮನೆಯ ಇನ್ನೂ 5 ಜನರ ಜೊತೆ ಹಂಚಿಕೊಳ್ಳಬಹುದು. ಆದರೆ 6 ಫೋನುಗಳ 30 ಜಿಬಿ ಸೇರಿದರೆ 180 ಆಗುತ್ತದೆ. 100ರಲ್ಲಿ ಹಿಡಿಸುವುದು 3 ಫೋನು. ಆಗ ಫೋನಿಗೆ ಮೂರು ವರ್ಷಕ್ಕೆ 1,300 ರೂ. ಬೀಳುತ್ತದೆ.

ಇದು ಕ್ಲೌಡ್‌ನ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಜಾಗದ, ಬಾಡಿಗೆ ಮಾತ್ರ; ಡೇಟಾ ಸಾಗಣೆಯ ಖರ್ಚು ಬೇರೆ. 2024ರ ಜುಲೈ 3ರಂದು ಜಿಯೊದ ದಿನಕ್ಕೆ 1.5 ಜಿಬಿ, 28 ದಿನದ ಯೋಜನೆ 239ರಿಂದ 299 ರೂ.ಗೆ ಹೋಯಿತು: ಶೇ 25. ದಿನದ ಪಾಲನ್ನೆಲ್ಲ ಬ್ಯಾಕಪ್‌ಗೇ ಸುರಿದರೂ 30 ಜಿಬಿ ಏರಲು 20 ದಿನ ಬೇಕು, ಆ 20 ದಿನ ಬೇರೇನೂ ನೋಡುವಂತಿಲ್ಲ. ಹೆಚ್ಚುವರಿ ಡೇಟಾ ಕೊಳ್ಳುವುದಾದರೆ 6 ಜಿಬಿಯ ಪ್ಯಾಕ್ ಅದೇ ದಿನ 61ರಿಂದ 69 ರೂ. ಆಯಿತು, ಐದು ಪ್ಯಾಕಿಗೆ 345 ರೂ. ಫೋನು ಕಳೆದು ಹೊಸದಕ್ಕೆ ಅಷ್ಟನ್ನೂ ಇಳಿಸಿಕೊಳ್ಳುವಾಗ ಮತ್ತೆ 345. ಹೋಗಿ ಬರುವ ದಾರಿಯ ಖರ್ಚು 690 ರೂ., ಇಡೀ ಯೋಜನೆಯ ವರ್ಷದ ಬಾಡಿಗೆಯಾದ 1,300 ರೂ.ಗಳ ಅರ್ಧಕ್ಕಿಂತ ಹೆಚ್ಚು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಫೋನು 5ಜಿಯದಾಗಿದ್ದು, ಮನೆಯೊಳಗೆ 5ಜಿ ಸಿಗ್ನಲ್ ಇದ್ದರೆ ಲೆಕ್ಕ ಬದಲಾಗುತ್ತದೆ: ದಿನಕ್ಕೆ 2 ಜಿಬಿಯ 349 ರೂ. ಯೋಜನೆಯಲ್ಲಿ 5ಜಿ ಡೇಟಾಕ್ಕೆ ದಿನದ ಮಿತಿ ಇಲ್ಲ. ಆ ಒಂದು ತಿಂಗಳು 50 ರೂ. ಹೆಚ್ಚು ಕೊಟ್ಟು 345 ಉಳಿಸಬಹುದು.

ಕ್ಲೌಡ್ ಮತ್ತು ಪೆನ್‌ಡ್ರೈವ್ ನಡುವೆ ಸಮಯದ ಅಂತರ ಹಣದ ಅಂತರಕ್ಕಿಂತ ದೊಡ್ಡದು. ಸೆಕೆಂಡಿಗೆ 5 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 30 ಜಿಬಿ ಏರಲು 13 ಗಂಟೆ 20 ನಿಮಿಷ ಬೇಕು. ಸೆಕೆಂಡಿಗೆ 10 ಎಂಬಿ ಬರೆದುಕೊಳ್ಳುವ ಸಾಧಾರಣ ಪೆನ್‌ಡ್ರೈವ್‌ಗೆ 50 ನಿಮಿಷ ಸಾಕು. 16 ಪಟ್ಟು ವ್ಯತ್ಯಾಸ, ಡೇಟಾ ಖರ್ಚು ಸೊನ್ನೆ. ಪೆನ್‌ಡ್ರೈವ್ ಅನ್ನು ನೇರವಾಗಿ ಫೋನಿಗೆ ಜೋಡಿಸುವ ವ್ಯವಸ್ಥೆಗೆ ಒಟಿಜಿ ಎನ್ನುತ್ತಾರೆ. ಒಟಿಜಿಯ 64 ಜಿಬಿ ಡ್ರೈವ್‌ಗೆ 500 ರೂ. ಹಿಡಿದರೆ, ಎರಡಕ್ಕೆ 1,000 ರೂ., 2.7 ದಿನದ ಕೂಲಿ. ಎರಡು ಏಕೆಂದರೆ ಒಂದು ಕೆಟ್ಟರೆ ಇನ್ನೊಂದಿರಬೇಕು, ಮತ್ತು ಎರಡನೆಯದು ಬೇರೆ ಮನೆಯಲ್ಲಿರಬೇಕು. ಒಂದು ಡ್ರೈವ್‌ನಲ್ಲಿ ಇಂಥ ಎರಡು ಫೋನುಗಳ ಸಾಮಗ್ರಿ ಹಿಡಿಸುವುದರಿಂದ ಫೋನಿಗೆ ಬೀಳುವುದು 500. ದರ ದುಪ್ಪಟ್ಟಾದರೂ 1,000. ಮೂವರು ಹಂಚಿಕೊಂಡ ಕ್ಲೌಡ್‌ಗಿಂತ ಆಗಲೂ 300 ಕಡಿಮೆ, ಅದೂ ಸಾಗಣೆಯ ಖರ್ಚು ಸೇರಿಸದೆ. 64 ಎಂದು ಬರೆದ ಡ್ರೈವ್ ಕಂಪ್ಯೂಟರಿನಲ್ಲಿ 59.6 ಎಂದು ಕಂಡರೆ ಅಂಗಡಿಯವರ ಜೊತೆ ಜಗಳ ಬೇಡ: ತಯಾರಕರು ಜಿಬಿಯನ್ನು 100 ಕೋಟಿ ಬೈಟ್ ಎಂದು ಎಣಿಸುತ್ತಾರೆ, ಕಂಪ್ಯೂಟರು 107.37 ಕೋಟಿ ಎಂದು ಎಣಿಸುತ್ತದೆ.

ಹಳೆಯ 32 ಜಿಬಿ ಡ್ರೈವ್ ಬಳಸುವವರು ಇನ್ನೊಂದು ಸಂಖ್ಯೆ ತಿಳಿದಿರಬೇಕು. ಅವು ಬಹುತೇಕ ಫ್ಯಾಟ್32 ಎಂಬ ಪದ್ಧತಿಯಲ್ಲಿ ಕಡತಗಳನ್ನು ಜೋಡಿಸುತ್ತವೆ. ಅದರಲ್ಲಿ ಒಂದೇ ಕಡತ 429 ಕೋಟಿ ಬೈಟ್ ಮೀರುವಂತಿಲ್ಲ. ಮೇಲಿನ ಲೆಕ್ಕದ ವಿಡಿಯೊದಲ್ಲಿ ಅದು 33 ನಿಮಿಷ ಚಿಲ್ಲರೆ. ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದರೂ 40 ನಿಮಿಷದ ಲಗ್ನದ ವಿಡಿಯೊ ಕಾಪಿ ಆಗದಿರಲು ಕಾರಣ ಇದೇ. ಎಕ್ಸ್‌ಫ್ಯಾಟ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ತೊಡಕು ಹೋಗುತ್ತದೆ, ಆದರೆ ಫಾರ್ಮ್ಯಾಟ್ ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸುತ್ತದೆ. ಕಾಪಿ ಮುಗಿದ ಮೇಲೆ ಎರಡೂ ಕಡೆ ಕಡತಗಳ ಸಂಖ್ಯೆ ನೋಡಬೇಕು: ಕ್ಯಾಮೆರಾದ ಫೋಟೊ, ವಿಡಿಯೊ ಇರುವ ಫೋನಿನ ಡಿಸಿಐಎಂ ಫೋಲ್ಡರಿನಲ್ಲಿ 4,120 ಇದ್ದರೆ ಡ್ರೈವ್‌ನಲ್ಲೂ 4,120. ಆಮೇಲೆ ಎಜೆಕ್ಟ್ ಒತ್ತಿ ಕೀಳಬೇಕು.

ಮೆಮೊರಿ ಕಾರ್ಡ್ ಅಗ್ಗ, ಆದರೆ ಫೋನು ಕಳುವಾದರೆ ಅದೂ ಜೊತೆಗೇ ಹೋಗುತ್ತದೆ. 2015ರ ಆ್ಯಂಡ್ರಾಯ್ಡ್ 6ರಿಂದ ಕೆಲವು ಫೋನುಗಳು ಕಾರ್ಡ್ ಹಾಕಿದಾಗ ‘ಪೋರ್ಟಬಲ್’ ಅಥವಾ ‘ಇಂಟರ್ನಲ್’ ಎಂದು ಆರಿಸಲು ಕೇಳುತ್ತವೆ. ಇಂಟರ್ನಲ್ ಎಂದರೆ ಕಾರ್ಡಿಗೆ ಆ ಫೋನು ಮಾತ್ರ ತೆರೆಯಬಲ್ಲ ಗೂಢಲಿಪಿಯ ಬೀಗ ಬೀಳುತ್ತದೆ. ಫೋನು ಸತ್ತರೆ ಇನ್ನೊಂದು ಫೋನು ಅದನ್ನು ಓದಲಾರದು. ಬ್ಯಾಕಪ್ ಉದ್ದೇಶಕ್ಕೆ ಪೋರ್ಟಬಲ್ ಒಂದೇ ಆಯ್ಕೆ.

ವಾಟ್ಸ್‌ಆ್ಯಪ್ ತನ್ನಷ್ಟಕ್ಕೆ ತಾನೇ ರಾತ್ರಿ 2 ಗಂಟೆಗೆ ಸಂದೇಶಗಳ ಪ್ರತಿಯನ್ನು ಫೋನಿನ ಒಳಗೇ ಬರೆದಿಡುತ್ತದೆ. ಕೊನೆಯ 7 ದಿನದವರೆಗಿನ ಪ್ರತಿಗಳು ಇರುತ್ತವೆ. ಪ್ರತಿ ಒಂದಕ್ಕೆ 400 ಎಂಬಿ ಹಿಡಿದರೆ 2.8 ಜಿಬಿ, 64ರ ಶೇ 4.4. ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳುವವರಿಗೆ ಇದು ಸಾಕು, ಫೋನೇ ಹೋದವರಿಗೆ ಅದರಿಂದ ಬರುವುದು ಸೊನ್ನೆ. ಆದ್ದರಿಂದ ವಾಟ್ಸ್‌ಆ್ಯಪ್ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ಎತ್ತಿಡಬೇಕು, ಹೊಸ ಫೋನಿನಲ್ಲಿ ನಂಬರ್ ಖಚಿತಪಡಿಸುವ ಮುಂಚೆಯೇ ಅದನ್ನು ಅದರ ಜಾಗದಲ್ಲಿಡಬೇಕು. ಅದು ತೆರೆಯುವುದು ಅದೇ ನಂಬರಿಗೆ. ಅಂದರೆ ಅದೇ ನಂಬರಿನ ಬದಲಿ ಸಿಮ್ ಮೊದಲು, ರಿಸ್ಟೋರ್ ಆಮೇಲೆ.

ಕ್ಲೌಡ್‌ನಲ್ಲಿದ್ದದ್ದಕ್ಕೂ ಅವಧಿ ಇದೆ. ಫೋನು 57 ದಿನ ಬಳಕೆಯಲ್ಲಿಲ್ಲದಿದ್ದರೆ ಅದರ ಸೆಟ್ಟಿಂಗ್‌ಗಳ ಬ್ಯಾಕಪ್ ಅನ್ನು ಗೂಗಲ್ ಅಳಿಸಬಹುದು. 2 ವರ್ಷ ಯಾರೂ ತೆರೆಯದ ಖಾತೆಯನ್ನೇ ತೆಗೆದುಹಾಕುವ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಕಬ್ಬು ಕಡಿಯುವ ಗ್ಯಾಂಗ್ ಊರು ಬಿಟ್ಟು ಹೋಗಿ ಬರುವಷ್ಟರಲ್ಲಿ 57 ದಿನ ಕಳೆದಿರುತ್ತದೆ.

ಕಳುವಾದ ಫೋನನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನ ಸಿಇಐಆರ್ ವ್ಯವಸ್ಥೆಯಲ್ಲಿ, ಫೋನಿನ 15 ಅಂಕಿಯ ಗುರುತು ಸಂಖ್ಯೆಯಾದ ಐಎಂಇಐ ಕೊಟ್ಟು ತಡೆಹಿಡಿಸಬಹುದು. ಈ ಸಂಖ್ಯೆ ಪೆಟ್ಟಿಗೆಯ ಮೇಲೂ ಬಿಲ್ಲಿನಲ್ಲೂ ಇರುತ್ತದೆ, ಫೋನು ಕೈಯಲ್ಲಿರುವಾಗ *#06# ಒತ್ತಿದರೂ ಕಾಣುತ್ತದೆ. ಯುಪಿಐ ಆ್ಯಪ್‌ಗಳನ್ನು ಯಾವ ಬ್ಯಾಕಪ್‌ ಕೂಡ ಮರಳಿಸದು; ಹೊಸ ಫೋನಿನಲ್ಲಿ ಸಿಮ್ ಹಾಕಿ ಮತ್ತೆ ನೋಂದಾಯಿಸಬೇಕು. ನೋಂದಾಯಿಸಿದ ಮೊದಲ 24 ಗಂಟೆ 5,000 ರೂ.ಗಿಂತ ಹೆಚ್ಚು ಕಳಿಸಲಾಗದು. ಗೊಬ್ಬರದ ಅಂಗಡಿಗೆ ಅದಕ್ಕಿಂತ ಹೆಚ್ಚು ಕೊಡುವುದಿದ್ದರೆ ಆ ದಿನ ಕೈಯಲ್ಲಿ ನಗದು ಇರಬೇಕು.