ಬೇಲಿಯ ಹೊರಗೆ ಬಾಣಂತಿ, ಬೇಲಿಯ ಒಳಗೆ ದೇವರು

ಗೊಲ್ಲರಹಟ್ಟಿಗಳ ‘ಸೂತಕ’ ಇನ್ನೆಷ್ಟು ಕಂದಮ್ಮಗಳನ್ನು ಬಲಿ ಕೇಳುತ್ತೆ?

ಚೇಳೂರು: ಬೇಸಿಗೆ ಬಂತೆಂದರೆ ಚೇಳೂರಿನ ಮಾರುಕಟ್ಟೆಯಲ್ಲಿ ಹಲಸಿನ ಹಣ್ಣಿನದೇ ಘಮಲು. ಲಾರಿಗಟ್ಟಲೆ ಹಣ್ಣು ಹೊರರಾಜ್ಯಗಳಿಗೆ ಹೋಗುತ್ತೆ. ಕಿತ್ತವರು ಯಾವ ಜಾತಿ, ಹೊತ್ತ ಹೆಂಗಸು ಮುಟ್ಟಾಗಿದ್ದಳೋ ಇಲ್ಲವೋ ಅಂತ ಯಾವ ವ್ಯಾಪಾರಿಯೂ ಕೇಳುವುದಿಲ್ಲ. ಗುಬ್ಬಿ ಬಸ್ಸಿನ ಸೀಟಿನಲ್ಲೂ ಅಷ್ಟೆ. ಆದರೆ ಅದೇ ಹೆಂಗಸು ಬಸ್ಸಿಳಿದು ಗೊಲ್ಲರಹಟ್ಟಿಯ ದಾರಿ ಹಿಡಿದರೆ ಲೆಕ್ಕಾಚಾರವೇ ಬೇರೆ. ಅಲ್ಲಿ ತಿಂಗಳಿಗೆ ಮೂರರಿಂದ ಐದು ದಿನ, ಹೆರಿಗೆಯಾದರೆ ವಾರಗಟ್ಟಲೆ, ಕೆಲವೆಡೆ ಎರಡು ಮೂರು ತಿಂಗಳು ಆಕೆಗೆ ತನ್ನ ಮನೆಯ ಹೊಸಿಲೇ ದೂರ!

ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಾಡುಗೊಲ್ಲರು ಕುರಿ, ದನ ಕಾಯ್ದುಕೊಂಡು ಬಂದ ಜನ. ಜುಂಜಪ್ಪ, ಎತ್ತಪ್ಪ ಇವರ ದೇವರುಗಳು. ಊರಿಂದಾಚೆ ಮುಳ್ಳುಬೇಲಿ ಕಟ್ಟಿ, ಮಧ್ಯದಲ್ಲಿ ದೇವರನ್ನಿಟ್ಟು ಹಟ್ಟಿ ಮಾಡಿಕೊಂಡವರು. ದೇವರು ವಾಸವಾಗಿರುವ ಕಡೆ ಮೈಲಿಗೆ ಆಗಬಾರದು, ಆದರೆ ಹಟ್ಟಿಗೇ ಕೇಡು ಎನ್ನುವುದು ನಂಬಿಕೆ. ಆ ನಂಬಿಕೆಯ ಭಾರವನ್ನೆಲ್ಲ ಹೊತ್ತವರು ಮಾತ್ರ ಹೆಂಗಸರು.

ಮಲ್ಲೇನಹಳ್ಳಿಯ ಕಂದ

2023 ರ ಜುಲೈ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿ. ಅವಳಿ ಹೆತ್ತ ತಾಯಿಯೊಬ್ಬಳ ಒಂದು ಮಗು ಮೊದಲೇ ತೀರಿಕೊಂಡಿತ್ತು. ಉಳಿದ ಇನ್ನೊಂದನ್ನು ಎತ್ತಿಕೊಂಡು ಆಕೆ ಊರಾಚೆಯ ಗುಡಿಸಲು ಸೇರಬೇಕಾಯಿತು. ಮಳೆ, ಶೀತಗಾಳಿ. ಮಗುವಿಗೆ ಶೀತ ಹತ್ತಿತು, ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ.

ತೂಕ ಕಡಿಮೆ ಇರುವ ಹಸುಗೂಸಿನ ಮೈ ಬೇಗ ತಣ್ಣಗಾಗುತ್ತೆ. ಅದಕ್ಕೆ ಬೇಕಾದ್ದು ತಾಯ ಮೈಶಾಖ, ಬೆಚ್ಚನೆ ಕೋಣೆ. ಹೆರಿಗೆ ಆಸ್ಪತ್ರೆಯಲ್ಲಿ ಆದರೂ ಆಶಾ ಕಾರ್ಯಕರ್ತೆ 3, 7, 14, 21, 28, 42 ನೇ ದಿನ ಮನೆಗೆ ಬಂದು ಕೂಸನ್ನು ನೋಡಬೇಕು ಅಂತ ನಿಯಮ ಇರುವುದು ಇದಕ್ಕೇ. ಮನೆಯೊಳಗಿನ ಕೂಸಿಗೇ ಇಷ್ಟು ಜೋಪಾನ ಬೇಕು ಅಂದಮೇಲೆ, ಹಾವು ಚೇಳು ಓಡಾಡುವ ಗುಡಿಸಲಿನ ಕೂಸಿನ ಗತಿ ಏನು?

ಮರು ತಿಂಗಳು, ಅಂದರೆ ಆಗಸ್ಟ್‌ನಲ್ಲಿ, ನಮ್ಮ ಗುಬ್ಬಿ ತಾಲ್ಲೂಕಿನ ಹಟ್ಟಿಯೊಂದರಲ್ಲೂ ಬಾಣಂತಿ, ಮಗು ಹೊರಗಿರುವುದು ತಿಳಿದು ಗುಬ್ಬಿಯ ನ್ಯಾಯಾಧೀಶೆಯೇ ಖುದ್ದು ಹೋಗಿ ತಾಯಿ ಮಗುವನ್ನು ಬಿಡಿಸಿದರು. ನ್ಯಾಯಾಧೀಶರೇ ಹಟ್ಟಿಗೆ ಬರಬೇಕಾಯಿತು ಅಂದರೆ ಉಳಿದವರೆಲ್ಲ ಏನು ಮಾಡುತ್ತಿದ್ದರು?

ಎಂ.ಪಿ. ಗೂ ಪ್ರವೇಶ ಇಲ್ಲ

ಬೇಲಿ ತಡೆಯುವುದು ಹೆಂಗಸರನ್ನು ಮಾತ್ರವಲ್ಲ. 2019 ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಬಂದ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ದಲಿತರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಓಟು ಪಡೆದು ಗೆದ್ದವರು ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು ವಾಪಸಾದರು. 2024 ರ ಜನವರಿಯಲ್ಲಿ ತರೀಕೆರೆ ಕಡೆಯ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ ಕೆಲಸಕ್ಕೆ ಹೋದ ದಲಿತ ಯುವಕನಿಗೆ ಹೊಡೆತ ಬಿತ್ತು, ದಂಡವೂ ಬಿತ್ತು.

ಹಾಗಂತ ಬರೀ ಹಟ್ಟಿಯವರ ಕಡೆ ಬೆರಳು ತೋರಿಸಿ ಕೈ ತೊಳೆದುಕೊಳ್ಳುವಂತಿಲ್ಲ. ಹಟ್ಟಿಗಳೂ ಊರ ಹೊರಗೇ ಉಳಿದವು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಕಾಡುಗೊಲ್ಲರ ಕೂಗು ವರ್ಷಗಳಿಂದ ಇದೆ. ತಾವು ಹೊರಗುಳಿದ ನೋವು ಬಲ್ಲವರೇ ತಮ್ಮ ಮನೆಯ ಹೆಣ್ಣನ್ನು, ಪಕ್ಕದ ಕೇರಿಯವನನ್ನು ಹೊರಗಿಡುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಾತಿಯ ಮನೆಯಲ್ಲಿ ಪ್ರತಿಯೊಬ್ಬನಿಗೂ ಕೆಳಗೊಬ್ಬ ಬೇಕಲ್ಲ!

ಕಾಯ್ದೆ ಇದೆ, ಆದರೆ...

ಮುಟ್ಟಾದ ಅಥವಾ ಗರ್ಭಿಣಿ ಹೆಂಗಸನ್ನು ಬಲವಂತವಾಗಿ ಬೇರೆ ಇಡುವುದು, ಊರಿಗೆ ಮರಳದಂತೆ ತಡೆಯುವುದು ಅಪರಾಧ ಅಂತ ಕರ್ನಾಟಕದ 2017 ರ ಮೌಢ್ಯ ನಿಷೇಧ ಕಾಯ್ದೆ ಹೇಳುತ್ತೆ. 2020 ರ ಜನವರಿಯಿಂದ ಅದು ಜಾರಿಯಲ್ಲಿದೆ. ಒಂದರಿಂದ ಏಳು ವರ್ಷ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ಆದರೆ ಗಂಡ, ಅತ್ತೆ, ಮಾವನ ಮೇಲೆ ಬಾಣಂತಿ ದೂರು ಕೊಡುವುದುಂಟೆ?

ಸರ್ಕಾರ ಹಿಂದೆ ಕೆಲವು ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ ಕಟ್ಟಿಸಿತು. ಗುಡಿಸಲಿಗಿಂತ ಮೇಲು, ನಿಜ. ಆದರೆ ಹೊರಗಿಡುವುದಕ್ಕೆ ಸರ್ಕಾರವೇ ಸಿಮೆಂಟು ಕೊಟ್ಟಂತಾಗಲಿಲ್ಲವೇ ಎಂಬ ಟೀಕೆಯೂ ನ್ಯಾಯವಾದದ್ದೇ.

ನೇಪಾಳದಲ್ಲೂ ಇದೇ ರೋಗ, ಹೆಸರು ಛೌಪಡಿ. 2005 ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿಷೇಧಿಸಿತು, 2017 ರಲ್ಲಿ ಶಿಕ್ಷೆಯ ಕಾನೂನೂ ಬಂತು. ಗುಡಿಸಲುಗಳನ್ನು ಕೆಡವಿದರು. ಆದರೂ ಪದ್ಧತಿ ನಿಲ್ಲಲಿಲ್ಲ. ಗುಡಿಸಲು ಕೆಡವಿದರೆ ಸಾಲದು, ತಲೆಯೊಳಗಿನ ಬೇಲಿಯೂ ಬೀಳಬೇಕು.

ಆಗಬೇಕಾದ್ದೇನು?

ಹೆರಿಗೆ ವಾರ್ಡಿನಿಂದ ಕಳಿಸುವಾಗಲೇ ತಾಯಿ ಯಾವ ಮನೆಗೆ ಹೋಗುತ್ತಾಳೆ ಅಂತ ಕೇಳಿ ಬರೆದುಕೊಳ್ಳಲಿ. ಆಶಾ ಕಾರ್ಯಕರ್ತೆ ಗುಡಿಸಲು ಕಂಡರೆ ವರದಿ ಮಾಡಲಿ, ವರದಿ ಮಾಡಿದ ಆಕೆಗೆ ಇಲಾಖೆ ಬೆನ್ನಾಗಿ ನಿಲ್ಲಲಿ. ಹಟ್ಟಿಯ ಪೂಜಾರಿ, ಯಜಮಾನರನ್ನು ಕೂರಿಸಿ ಮಾತಾಡಲಿ. ಅವರು ಒಂದು ಸಲ ‘ಒಳಗೆ ಬಾರವ್ವ’ ಅಂದರೆ ಹತ್ತು ಪೊಲೀಸರು ಬಂದಷ್ಟು ಕೆಲಸ ಆಗುತ್ತೆ. ಓದಿದ ಹುಡುಗಿಯರು ಬೇಡ ಎಂದಾಗ ಅಪ್ಪ, ಅಣ್ಣಂದಿರು ಅವರ ಪಕ್ಕ ನಿಲ್ಲಲಿ.

ಚೇಳೂರು ಪೇಟೆಯವರಿಗೂ ಪಾಲುಂಟು. ಯಾವ ಹಟ್ಟಿಯಲ್ಲಿ ಬಾಣಂತಿ ಹೊರಗಿದ್ದಾಳೆ ಅನ್ನುವ ಸುದ್ದಿ ಅಂಗಡಿ ಜಗಲಿಗೆ ಬಂದೇ ಬರುತ್ತೆ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಆಂಬುಲೆನ್ಸಿಗೆ 108. ಒಂದು ಫೋನಿಗೆ ದುಡ್ಡಿಲ್ಲ, ಕೂಸಿನ ಜೀವಕ್ಕೆ ಬೆಲೆಯಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲು ಜಿಲ್ಲಾಡಳಿತ ಹಟ್ಟಿ ಹಟ್ಟಿಗೂ ಹೋಗಿ ಗುಡಿಸಲು ಎಣಿಸುವುದೇ, ಇಲ್ಲಾ ಇನ್ನೊಂದು ಮಗು ಸತ್ತ ಮೇಲೆ ಜೀಪು ಹತ್ತುವುದೇ?