ಈರುಳ್ಳಿಯ ಬಾಳಿಕೆ: ಗೊಬ್ಬರ ಮತ್ತು ಚೀಲದ ಪಾತ್ರ

ಜಟಿಂಗ ರಾಮೇಶ್ವರ ಬೆಟ್ಟದ ಆಸುಪಾಸಿನ ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಈರುಳ್ಳಿ ಮುಖ್ಯ ಹಣದ ಬೆಳೆ. ಮುಂಗಾರಿನ ಬೆಳೆ ಎಲ್ಲ ಕಡೆ ಒಟ್ಟಿಗೇ ಕಟಾವಿಗೆ ಬಂದಾಗ ಪೇಟೆಯಲ್ಲಿ ದರ ಕುಸಿಯುತ್ತದೆ. ಎರಡು ತಿಂಗಳು ಕಾಯೋಣವೆಂದರೆ ಗಡ್ಡೆ ಕೊಳೆಯುತ್ತದೆ. ಈ ಕೊಳೆತಕ್ಕೆ ಬಹುಮಟ್ಟಿಗೆ ಹೊಲದಲ್ಲೇ ಬುನಾದಿ ಬಿದ್ದಿರುತ್ತದೆ.

ಸಾರಜನಕ: ಗಡ್ಡೆಯ ತೂಕ ಹೆಚ್ಚಲೆಂದು ಕಟಾವಿಗೆ ತಿಂಗಳಿರುವಾಗ ಯೂರಿಯಾ ಎರಚುವವರುಂಟು. ಇದರಿಂದ ಸೊಪ್ಪು ಹಸಿರಾಗಿಯೇ ಉಳಿದು, ಕತ್ತು ದಪ್ಪವಾಗಿ ಬೇಗ ಒಣಗಿ ಮುಚ್ಚಿಕೊಳ್ಳುವುದಿಲ್ಲ. ತೆರೆದ ಕತ್ತೇ ಕೊಳೆರೋಗಕ್ಕೆ ಬಾಗಿಲು. ಹೆಚ್ಚಿದ ತೂಕವೂ ಬಹುಪಾಲು ನೀರೇ. ಆದುದರಿಂದ ಅರ್ಧ ಸಾರಜನಕವನ್ನು ಬಿತ್ತನೆ ಅಥವಾ ನಾಟಿಯ ವೇಳೆಗೂ, ಉಳಿದರ್ಧವನ್ನು ನಾಟಿಯಾದ ಸುಮಾರು 30 ದಿನಗಳಿಗೂ ಕೊಟ್ಟು, 45 ದಿನಗಳ ನಂತರ ನಿಲ್ಲಿಸಬೇಕು.

ಪೊಟ್ಯಾಷ್ ಮತ್ತು ಗಂಧಕ: ಪೊಟ್ಯಾಷ್ ಗಡ್ಡೆಯನ್ನು ಗಟ್ಟಿಗೊಳಿಸುತ್ತದೆ. ಈರುಳ್ಳಿಯ ಘಾಟಿಗೆ ಗಂಧಕವೇ ಆಧಾರ. ಬಾಳಿಕೆಗೂ ಅದು ನೆರವು. ಡಿಎಪಿ ಮತ್ತು ಯೂರಿಯಾಗಳಲ್ಲಿ ಗಂಧಕವಿಲ್ಲ. ಸೂಪರ್ ಫಾಸ್ಫೇಟಿನಲ್ಲಿ ಶೇಕಡಾ 11ರಷ್ಟು ಇದೆ. ಡಿಎಪಿ ಹಾಕುವವರು ಜಿಪ್ಸಂ ಸೇರಿಸುವುದು ಒಳ್ಳೆಯದು. ಪ್ರಮಾಣವನ್ನು ಮಣ್ಣು ಪರೀಕ್ಷೆ ಮಾಡಿಸಿ ನಿರ್ಧರಿಸಿರಿ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ದೊರೆಯುತ್ತದೆ.

ಕಟಾವು: ಕೀಳುವ 10-15 ದಿನ ಮೊದಲು ನೀರು ನಿಲ್ಲಿಸಿರಿ. ಅರ್ಧದಷ್ಟು ಗಿಡಗಳ ಸೊಪ್ಪು ಬಾಗಿದಾಗ ಕಿತ್ತು, ಒಂದು ಸಾಲಿನ ಗಡ್ಡೆಯನ್ನು ಇನ್ನೊಂದು ಸಾಲಿನ ಸೊಪ್ಪು ಮುಚ್ಚುವಂತೆ 3-5 ದಿನ ಹೊಲದಲ್ಲೇ ಒಣಗಿಸಿರಿ. ಮಳೆಯ ಸೂಚನೆಯಿದ್ದರೆ ಮಾಡಿನಡಿಗೆ ಸಾಗಿಸಿರಿ. ಸುಮಾರು ಒಂದು ಅಂಗುಲ ಕತ್ತು ಬಿಟ್ಟು ಸೊಪ್ಪು ಕತ್ತರಿಸಿ, ನೆರಳಿನಲ್ಲಿ 10-12 ದಿನ ಆರಿಸಿರಿ. ದಪ್ಪ ಕತ್ತಿನವು, ಜೋಡುಗಡ್ಡೆ, ಪೆಟ್ಟುಬಿದ್ದವುಗಳನ್ನು ಬೇರ್ಪಡಿಸಿ ಕೂಡಲೇ ಮಾರಿರಿ.

ಚೀಲ: ಕಿತ್ತ ಗಡ್ಡೆಗೂ ಜೀವವಿದೆ, ಅದು ಉಸಿರಾಡುತ್ತ ತೇವ ಮತ್ತು ಶಾಖವನ್ನು ಹೊರಬಿಡುತ್ತದೆ. ಖಾಲಿಯಾದ ಪ್ಲಾಸ್ಟಿಕ್ ಗೊಬ್ಬರ ಚೀಲದಲ್ಲಿ ತುಂಬಿದರೆ ಈ ತೇವ ಒಳಗೇ ಬೆವರಾಗಿ ನಿಂತು ಕಪ್ಪು ಬೂಷ್ಟು ಹಬ್ಬುತ್ತದೆ. ಬಲೆಚೀಲ ಅಥವಾ ಬಿಡಿ ನೇಯ್ಗೆಯ ಗೋಣಿಚೀಲ ಉತ್ತಮ. ರಾಶಿ ಹಾಕುವುದಾದರೆ ನೆಲದಿಂದ ಎತ್ತರದ ಅಟ್ಟಣೆಯ ಮೇಲೆ, ಬದಿಗಳಲ್ಲಿ ಗಾಳಿಯಾಡುವಂತೆ, 4 ಅಡಿಗೆ ಮೀರದಂತೆ ಹಾಕಬೇಕು. ಹದಿನೈದು ದಿನಕ್ಕೊಮ್ಮೆ ಕೊಳೆತವನ್ನು ಆರಿಸಿ ತೆಗೆಯುತ್ತಿರಬೇಕು.

ಕಟಾವಿನ ವೇಳೆ ಮಳೆಗೆ ಸಿಕ್ಕಿ ನೆನೆದ ಬೆಳೆಯನ್ನು ಮಾತ್ರ ದಾಸ್ತಾನಿಡುವುದು ಲೇಸಲ್ಲ. ದರ ಕಡಿಮೆಯಿದ್ದರೂ ಅದನ್ನು ಬೇಗ ಮಾರುವುದೇ ಕಡಿಮೆ ನಷ್ಟದ ದಾರಿ.