ಚಳ್ಳಕೆರೆಯಲ್ಲಿ ಗಾಲ್ಫ್ ಎಲ್ಲಿ ಸ್ವಾಮಿ?

"ಗಲ್ಫಾ? ಪಾಸ್‌ಪೋರ್ಟ್ ಐತೇನಪ್ಪಾ ನಿನ್ ಹತ್ರ?"

ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನನ್ನ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ ಇದು! ಗಲ್ಫ್ ಅಲ್ಲಣ್ಣ, ಗಾಲ್ಫ್... ಕೋಲಲ್ಲಿ ಚೆಂಡು ಹೊಡೆದು ಗುಂಡಿಗೆ ಬೀಳಿಸೋ ಆಟ ಅಂದೆ. "ಓ, ಸಿನಿಮಾದಲ್ಲಿ ವಿಲನ್ ಆಡ್ತಾನಲ್ಲ, ಅದಾ?" ಎಂದ ಪುಣ್ಯಾತ್ಮ.

ತಪ್ಪೇನಿಲ್ಲ ಬಿಡಿ. ನಮ್ಮ ತೆರೆಯ ಮೇಲೆ ಗಾಲ್ಫ್ ಕೋಲು ಕಂಡರೆ ಅದರ ಹಿಂದೆ ಒಬ್ಬ ಕೋಟಿಗಟ್ಟಲೆ ಆಸ್ತಿಯ ಖಳನೋ, ನಾಯಕಿಯ ಅಪ್ಪನೋ ಇದ್ದೇ ಇರುತ್ತಾನೆ. ಬೀದಿಯ ಹುಡುಗನ ಕೈಗೆ ಆ ಕೋಲು ಕೊಟ್ಟ ಚಿತ್ರ ನನಗೆ ನೆನಪಿರುವುದು ಒಂದೇ. ನವಾಜುದ್ದೀನ್ ಸಿದ್ದಿಕಿ ನಟಿಸಿದ ಹಿಂದಿಯ ‘ಫ್ರೀಕಿ ಅಲಿ’ (2016).

ಈ ಹುಚ್ಚು ನನ್ನದಲ್ಲ, ನಮ್ಮಕ್ಕನ ಮಗನದು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ನಾಲ್ಕನೇ ಸ್ಥಾನಕ್ಕೆ ನಿಂತಳು, ಕಂಚಿಗೆ ಒಂದೇ ಒಂದು ಹೊಡೆತದ ದೂರ! ಮಗಳ ಕೋಲಿನ ಚೀಲ ಹೊತ್ತು ಜೊತೆಗೆ ನಡೆದವರು ಅವಳ ತಾಯಿ. ಅದನ್ನು ಟಿವಿಯಲ್ಲಿ ನೋಡಿದ ನಮ್ಮ ಹುಡುಗ, "ಮಾಮ, ಇದನ್ನ ನಮ್ಮ ಕಡೆ ಎಲ್ಲಿ ಆಡೋದು?" ಅಂದ. ಪಿಯುಸಿ ಅರ್ಧಕ್ಕೆ ಬಿಟ್ಟವನಾದರೂ ಅವನ ಕಣ್ಣಿಗೆ ನಾನು ಪತ್ರಕರ್ತ, ಎಲ್ಲ ಗೊತ್ತಿರುವ ಮಾಮ. ಹುಡುಕಲು ಹೊರಟೆ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿದೆ, ಶೇಂಗಾ ಇದೆ, ಕುರಿ ಇದೆ, ಕಂಬಳಿ ಇದೆ. ಗಾಲ್ಫ್ ಇಲ್ಲ. ಮೊಳಕಾಲ್ಮೂರಿಗೆ ಹೋದೆವು. ಅಲ್ಲಿ ರೇಷ್ಮೆ ಸೀರೆಯ ಮಗ್ಗ ಇದೆ, ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ, ಬಂಡೆಯ ಮೇಲೆ ಬಂಡೆ ಇದೆ. ನೇಯುತ್ತಾ ಕೂತಿದ್ದ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಆ ಹುಲ್ಲಿಗೆ ನೀರು ಎಲ್ಲಿಂದ ತರ್ತಾರಪ್ಪಾ?" ನಾನು ಉತ್ತರ ಕೊಡದೆ ಬಸ್ ಹತ್ತಿದೆ.

ಹಾಗಾದರೆ ಎಲ್ಲಿದೆ? ಚಿಕ್ಕಮಗಳೂರಿನಲ್ಲಿದೆ. ಮಡಿಕೇರಿಯಲ್ಲಿದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್ ಒಳಗೇ ಇದೆ. ಬೆಂಗಳೂರು ಗಾಲ್ಫ್ ಕ್ಲಬ್ ಅಂತೂ 1876ರದ್ದು. ಕೋಲಾರದ ಚಿನ್ನದ ಗಣಿಯ ದೊರೆಗಳೂ ಮೈದಾನ ಮಾಡಿಕೊಂಡಿದ್ದರು. ಕೆಳಗೆ ಸುರಂಗದಲ್ಲಿ ಕೂಲಿಗಳು, ಮೇಲೆ ಸಾಹೇಬರ ಚೆಂಡು! ಯಶ್ ಅವರ ‘ಕೆಜಿಎಫ್’ (2018) ನೋಡಿ ಶಿಳ್ಳೆ ಹೊಡೆದ ಮಿತ್ರರು ಇದನ್ನೂ ತಿಳಿದಿರಲಿ.

ಹುಡುಗನನ್ನು ಕರೆದುಕೊಂಡು ರಾಜಧಾನಿಗೇ ಹೋದೆ. ಒಂದು ಕ್ಲಬ್ಬಿನ ಗೇಟು. (ಹೆಸರು ಬೇಡ.) ಕಾವಲಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಮೆಂಬರಾ? ಅಲ್ಲ. ಮೆಂಬರ್ ಜೊತೆ ಬಂದಿದ್ದೀರಾ? ಇಲ್ಲ. ಕಾಲರ್ ಇಲ್ಲದ ಬನಿಯನ್ನು, ಜೀನ್ಸು ನಡೆಯಲ್ಲ ಸಾರ್. ಹುಡುಗ ತನ್ನ ಟೀ ಶರ್ಟಿನ ಕತ್ತು ಮುಟ್ಟಿ ನೋಡಿಕೊಂಡ. ಆ ಕ್ಷಣ ನನಗೆ ಆದ ಅವಮಾನ... ಬೇಡ, ಬಿಡಿ.

ಆದರೆ ಅದೇ ಗೇಟಿನ ಹೊರಗೆ, ಪಾಳಿಗೆ ಕಾದು ಬೀಡಿ ಸೇದುತ್ತಿದ್ದ ಒಬ್ಬ ಕ್ಯಾಡಿ (ಆಟಗಾರರ ಚೀಲ ಹೊರುವವನು) ನಮ್ಮನ್ನು ಪಕ್ಕ ಕೂರಿಸಿಕೊಂಡು ಹೇಳಿದ: "ನಮ್ಮ ಮುನಿಯಪ್ಪನ ಕತೆ ಗೊತ್ತಾ?"

ಗೊತ್ತಿರಲಿಲ್ಲ. ನಿಮಗೂ ಗೊತ್ತಿಲ್ಲದಿದ್ದರೆ ಕೇಳಿ. ಸಿ. ಮುನಿಯಪ್ಪ, ಬೆಂಗಳೂರಿನಲ್ಲಿ ಚೀಲ ಹೊರುತ್ತಿದ್ದ ಹುಡುಗ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ! ಕೊರಿಯಾದ ಆಟಗಾರನ ಜೊತೆ ಸಮ ಸಮ ಆಗಿ, ಪ್ಲೇಆಫ್‌ನಲ್ಲಿ ಗೆಲುವು. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಹಳ್ಳಿಯ ಚಿಕ್ಕರಂಗಪ್ಪನೂ ಕ್ಯಾಡಿಯಾಗಿ ಒಳಗೆ ಹೋದವನೇ, ಅಲ್ಲಿನ ಕೋಚ್ ವಿಜಯ್ ದಿವೇಚಾ ಕಣ್ಣಿಗೆ ಬಿದ್ದು ವೃತ್ತಿಪರ ಆಟಗಾರನಾದವನು. ಯಾವ ಡೈರೆಕ್ಟರೂ ಇನ್ನೂ ಯಾಕೆ ಇವರ ಮನೆ ಬಾಗಿಲು ತಟ್ಟಿಲ್ಲವೋ, ನನಗಂತೂ ತಿಳಿಯದು.

ಮುನಿಯಪ್ಪ, ಚಿಕ್ಕರಂಗಪ್ಪ ಇಬ್ಬರ ಮನೆ ಹತ್ತಿರವೂ ಮೈದಾನ ಇತ್ತು ಸ್ವಾಮಿ. ಚೀಲ ಹೊರುವ ಅದೃಷ್ಟಕ್ಕೂ ಮೊದಲು ಮೈದಾನ ಬೇಕಲ್ಲ! ಚಳ್ಳಕೆರೆಯಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್ ಹತ್ತಿರ.

ಹಾಗಂತ ನಮ್ಮಲ್ಲೊಂದು ಮಾಡಿಸಿ ಎಂದು ಅರ್ಜಿ ಬರೆಯಲು ನನಗೆ ಮನಸ್ಸಿಲ್ಲ. 18 ಗುಂಡಿಯ ಮೈದಾನಕ್ಕೆ ಸಾಮಾನ್ಯವಾಗಿ ನೂರು ಎಕರೆ ಮೇಲೆ ಬೇಕು. ನಮ್ಮ ಅಮೃತಮಹಲ್ ಕಾವಲುಗಳಲ್ಲಿ ಈಗಾಗಲೇ ವಿಜ್ಞಾನ ಸಂಸ್ಥೆಗಳು ಬಂದು ಗೋಡೆ ಎದ್ದು, ಕುರಿಯವರು ಮೇವಿಗೆ ಸುತ್ತು ಹಾಕುತ್ತಿದ್ದಾರೆ. ಕುಡಿಯುವ ನೀರಿಗೇ ಕೊಡ ಸಾಲು ನಿಂತ ಊರಿನಲ್ಲಿ ಹುಲ್ಲಿಗೆ ನೀರು ಹಾಯಿಸುತ್ತೇವೆ ಅಂದರೆ ಮೊಳಕಾಲ್ಮೂರಿನ ಆ ಹಿರಿಯರಿಗೆ ಮುಖ ತೋರಿಸುವುದು ಹೇಗೆ?

ತಮಾಷೆ ನೋಡಿ, ಈ ಆಟ ಬೆಳೆದದ್ದೇ ಸ್ಕಾಟ್ಲೆಂಡಿನ ಕಡಲಂಚಿನ ಮರಳು ನೆಲದಲ್ಲಿ, ಕುರಿ ಮೇಯುವ ಕಡೆ. ಹುಲ್ಲು ಕತ್ತರಿಸುವ ಯಂತ್ರ ಬರುವ ಮುಂಚೆ ಆ ಕೆಲಸ ಕುರಿಯದೇ! ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ಮೈದಾನದಲ್ಲಿ ಗುಂಡಿಯ ಸುತ್ತ 1935ರವರೆಗೂ ಹುಲ್ಲಲ್ಲ, ಮರಳು. ಆಸ್ಟ್ರೇಲಿಯಾದ ಕೂಬರ್ ಪೀಡಿ ಎಂಬ ಗಣಿ ಊರಿನಲ್ಲಿ ಇವತ್ತಿಗೂ ಮೈದಾನದಲ್ಲಿ ಹುಲ್ಲಿನ ಎಸಳಿಲ್ಲ. ಆಟಗಾರ ಅಂಗೈಯಗಲದ ಹುಲ್ಲುಹಾಸಿನ ತುಂಡನ್ನು ಜೊತೆಗೇ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾನೆ. ಇನ್ನು ಕೆಲವು ಕಡೆ ಗುಂಡಿಯ ಸುತ್ತ ಮರಳಿಗೆ ಹಳೆ ಎಣ್ಣೆ ಕಲಸಿ ತಟ್ಟುತ್ತಾರೆ, ಅದಕ್ಕೆ ‘ಬ್ರೌನ್’ ಅಂತ ಹೆಸರು. ಎಣ್ಣೆ ಊರಿನವರಿಗೆ ಇದನ್ನು ಬೇರೆ ಹೇಳಿಕೊಡಬೇಕೆ? (ಶೇಂಗಾ ಎಣ್ಣೆ ಅಲ್ಲ ಮಾರಾಯ್ರೇ, ಇಂಜಿನ್ ಎಣ್ಣೆ! ನಾವು ಅದನ್ನೂ ಹಾಕಲಿಲ್ಲ, ಕೆರೆಯ ಮಣ್ಣು ಕೆಡುತ್ತದೆ.)

ವಾಪಸ್ ಬರುವಾಗ ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಮುನ್ನೂರು ರೂಪಾಯಿಗೆ ಒಂದು ಹಳೆ ಕಬ್ಬಿಣದ ಕೋಲು, ಗೀರು ಬಿದ್ದ ನಾಲ್ಕು ಚೆಂಡು ಸಿಕ್ಕವು. ಊರ ಹೊರಗೆ ಒಣಗಿದ ಕೆರೆಯ ಅಂಗಳದಲ್ಲಿ ಮೂರು ಗುಂಡಿ ತೋಡಿದೆವು. ನಿಯಮದ ಪ್ರಕಾರ ಗುಂಡಿಯ ಬಾಯಿ 108 ಮಿಲಿಮೀಟರ್. ಹಾಲಿನ ಪುಡಿಯ ಡಬ್ಬ ಅಳೆದು ನೋಡಿದರೆ ಹೆಚ್ಚುಕಮ್ಮಿ ಅಷ್ಟೇ! ಅದನ್ನೇ ಹೂತೆವು. ಒಂದು ತುಂಡು ಹರಿದ ಕಂಬಳಿ ನಮ್ಮ ಹುಲ್ಲುಹಾಸು. ಬಾವುಟಕ್ಕೆ ಅಕ್ಕನ ಹಳೆ ಸೀರೆಯ ಸೆರಗು.

ಮೊದಲ ದಿನ ಹುಡುಗ ಒಂದನೇ ಗುಂಡಿಗೆ ಹನ್ನೊಂದು ಹೊಡೆತ ತೆಗೆದುಕೊಂಡ. ನನ್ನದು ಹದಿನೆಂಟು. ಹದಿನೈದು ದಿನದಲ್ಲಿ ಅವನು ಐದಕ್ಕೆ ಬಂದ, ನಾನು ಹದಿನಾಲ್ಕರಲ್ಲೇ ಇದ್ದೇನೆ. ಕುರಿ ಕಾಯುವ ಹುಡುಗರು ಮೂರ್ನಾಲ್ಕು ಜನ ಈಗ ಸಾಲಿನಲ್ಲಿ ನಿಂತು ಕೋಲಿಗೆ ಕಾಯುತ್ತಾರೆ. ಅವರಲ್ಲೊಬ್ಬ, ಚಿನ್ನಿದಾಂಡಿನಲ್ಲಿ ಪಳಗಿದವನು, ಮೊನ್ನೆ ಬರಿಗಾಲಲ್ಲಿ ನಿಂತು ಬೀಸಿದ ಹೊಡೆತಕ್ಕೆ ಚೆಂಡು ಕೆರೆ ಏರಿಯನ್ನೇ ದಾಟಿ ಜಾಲಿ ಮುಳ್ಳಿನೊಳಗೆ ಹೋಯಿತು. ಕತ್ತಲಾಗುವವರೆಗೂ ಹುಡುಕಿದೆವು, ಸಿಗಲಿಲ್ಲ. ಈಗ ಉಳಿದಿರುವುದು ಮೂರು ಚೆಂಡು.